ಇದ್ದಿಲ ಬಸ್ಸಿನಲ್ಲಿ ಮುಲ್ಕಿ ಪರೀಕ್ಷೆಗೆ

ಯುದ್ಧಕಾಲದಲ್ಲಿ ಪೆಟ್ರೋಲು ತುಟ್ಟಿಯಾಗಿ, ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ಬಸ್ಸು ಇದ್ದಿಲ ಗ್ಯಾಸಿನಿಂದ ಓಡತೊಡಗಿತು. ಟಿಕೆಟ್ ದರ ಮಾತ್ರ ಏರಿತು. ಏಳನೆಯ ಇಯತ್ತೆಯ ಕೊನೆಗೆ ಬರುವ ಮುಲ್ಕಿ ಪರೀಕ್ಷೆಯ ದಿನ ನಾನು ನಡೆದು ದಣಿಯಬಾರದೆಂದು ಅಪ್ಪ ಆ ಟಿಕೆಟ್ಟನ್ನೇ ತೆಗೆಸಿದರು. ಅರ್ಧ ತಾಸು ಮೊದಲೇ ಹೋಗಿ ಕುಳಿತೆ. ಬಸ್ಸಿನ ಬೆನ್ನಿಗೆ ಕಟ್ಟಿದ್ದ ಒಲೆಗೆ ಡ್ರೈವರ್ ಎಷ್ಟು ಗಾಳಿ ಹಾಕಿದರೂ ಎಂಜಿನ್ನು ಚಾಲೂ ಆಗಲಿಲ್ಲ.

"ಚೂರು ಪೆಟ್ರೋಲ್ ಹಾಕ್ರಿ ಕಾಕಾ, ಪರೀಕ್ಷಾ ಐತಿ."

"ಪೆಟ್ರೋಲ್ ಸಾಹೇಬರ ಮೋಟಾರಿಗೆ ಐತಿ. ನೀ ಇಳಿದು ದಬ್ಬು."

ದಬ್ಬಿದ ಮೇಲೆ ಬಸ್ಸು ಹೊರಟಿತು; ಏರು ಬಂದಲ್ಲೆಲ್ಲ ಮತ್ತೆ ಇಳಿದು ದಬ್ಬಿದೆವು. ಹಳಿಯಾಳ ಮುಟ್ಟಿದಾಗ ಪರೀಕ್ಷೆಯ ಕೋಣೆಯ ಬಾಗಿಲು ಮುಚ್ಚಿತ್ತು.

"ಬಸ್ ತಡಾ ಆತ್ರಿ," ಎಂದು ಬಾಗಿಲು ತೆರೆದ ಮಾಸ್ತರರಿಗೆ ಹೇಳಿದೆ.

"ನಿಮ್ಮೂರಿಂದ ರಾತ್ರೀನ ಹೊಂಟು ನಡಕೊಂಡ ಬಂದಾವ್ರು ಒಳಗ ಬರಿಯಾಕ ಹತ್ಯಾರ," ಎಂದು ಮಾಸ್ತರರು ನನ್ನನ್ನು ಹೊರಗೇ ನಿಲ್ಲಿಸಿದರು.

ಅವರು ಹೇಳಿದ್ದು ನಿಜವಾಗಿತ್ತು. ಅದನ್ನೇ ನಾನು ಇಂದಿಗೂ ಸಹಿಸಲಾರೆ.