ಕತ್ತರಿ ಹಾಕ್ತೀರಾ ಎಂದು ಕೇಳಲಾಗದೆ

ಒಂದು ನರ್ಸಿಂಗ್ ಹೋಮು ಎಂಥದ್ದು ಎಂದು ತಿಳಿಯಬೇಕಿದ್ದರೆ ಸ್ಟೋರ್ ರೂಮಿನ ಕಪಾಟು ನೋಡಬೇಕು. ಮುಂದುಗಡೆ ಗಣಪತಿ, ಮೀನಿನ ತೊಟ್ಟಿ, ನಗುವ ಮಗುವಿನ ಪಟ ಎಲ್ಲ ಕಡೆಯೂ ಇರುತ್ತವೆ. ನಾನು ಹನ್ನೊಂದು ವರ್ಷದಿಂದ ಹಿಂಬಾಗಿಲಿನಿಂದಲೇ ಓಡಾಡುವವಳು. ಚಂದಾಪುರದಲ್ಲಿ ಒಂದು ಶಟರ್ ಅಂಗಡಿ, ಒಂದು ಸ್ಕೂಟರ್, ಅದರ ಕಾಲಿಡುವ ಜಾಗದಲ್ಲಿ ಎರಡು ರಟ್ಟಿನ ಪೆಟ್ಟಿಗೆ. ಇಷ್ಟೇ ನನ್ನ ಕಂಪನಿ. ಎಲೆಕ್ಟ್ರಾನಿಕ್ ಸಿಟಿಯಿಂದ ಅತ್ತಿಬೆಲೆಯವರೆಗಿನ ಸಣ್ಣಪುಟ್ಟ ಆಸ್ಪತ್ರೆಗಳಿಗೆ ಗ್ಲೌಸು, ಹತ್ತಿ, ಕತ್ತರಿ, ಹೊಲಿಗೆ ದಾರ ಸರಬರಾಜು ಮಾಡುತ್ತೇನೆ. ಮೆಡಿಕಲ್ ಶಾಪಿನಲ್ಲಿ ಬಿಲ್ ಬರೆಯುತ್ತಿದ್ದವಳು ಇಲ್ಲಿಗೆ ಬಂದದ್ದು ಬಾಯಿಯ ಬಲದಿಂದ. ನನ್ನ ಹತ್ತಿರ ಚೌಕಾಸಿ ಮಾಡಿ ಗೆಲ್ಲುವ ಪರ್ಚೇಸ್ ಮ್ಯಾನೇಜರು ಹೊಸೂರು ರಸ್ತೆಯಲ್ಲಿ ಇನ್ನೂ ಹುಟ್ಟಬೇಕು.

ಹೆರಿಗೆಯಾದ ಮೇಲೆ ಕೆಳಗೆ ಹಾಕುವ ಹೊಲಿಗೆಗೆ ದಾರವೇ ಬೇರೆ. ಬೇಗ ಕರಗುವಂಥದ್ದು, ಸೂಜಿಯ ಸಮೇತ ಬರುತ್ತದೆ, ಹನ್ನೆರಡರ ಡಬ್ಬಿ. ಕೆಳಗೆ ಅಂದರೆ ಎಲ್ಲಿ ಎಂದು ಕೇಳಬೇಡಿ. ನಮ್ಮಲ್ಲಿ ಹೆಂಗಸಿನ ಮೈಯಲ್ಲಿ ತಲೆ, ಹೊಟ್ಟೆ, ಕೈಕಾಲು ಬಿಟ್ಟರೆ ಉಳಿದದ್ದಕ್ಕೆಲ್ಲ ಇರುವುದು ಇದೊಂದೇ ವಿಳಾಸ. ಮಗುವಿನ ತಲೆ ಹೊರಬರುವಾಗ ಜಾಗ ಸಾಲದು ಅನ್ನಿಸಿದರೆ ಡಾಕ್ಟರು ಅಲ್ಲಿ ಓರೆಯಾಗಿ ಕತ್ತರಿ ಹಾಕಿ ಆಮೇಲೆ ಹೊಲಿಯುತ್ತಾರೆ. ಹಾಕದಿದ್ದರೆ ಕೆಲವರಿಗೆ ತಾನಾಗಿ ಹರಿಯುತ್ತದೆ, ಕೆಲವು ಪುಣ್ಯವಂತೆಯರಿಗೆ ಏನೂ ಆಗುವುದಿಲ್ಲ.

ಇದೆಲ್ಲ ನನಗೆ ಮಾಲಿನ ಜೊತೆಗೆ ಬಂದ ತಿಳಿವಳಿಕೆ. ಮಾಲು ನನ್ನ ಮೈಗೇ ಬರುತ್ತದೆ ಎಂದು ಹೊಳೆದದ್ದು ಮೂವತ್ತೆರಡನೇ ವಯಸ್ಸಿಗೆ ಬಸುರಾದಾಗ. ತಕ್ಷಣ ಕಣ್ಣಿಗೆ ಬಂದವಳು ನನ್ನಕ್ಕ. ಅವಳ ಚೊಚ್ಚಲ ಹೆರಿಗೆ ನಮ್ಮ ಊರ ಕಡೆ ಆಯಿತು. ಕತ್ತರಿ ಹಾಕಿದ್ದಾರೆಂದು ಅವಳಿಗೆ ಗೊತ್ತಾದದ್ದು ಮರುದಿನ, ಕೂರಲು ಹೋದಾಗ. ಎರಡು ತಿಂಗಳು ಒಂದೇ ಕುಂಡೆಯ ಮೇಲೆ ಕೂತು ಮಗುವಿಗೆ ಹಾಲು ಕೊಟ್ಟಳು. ನೋಡಲು ಬಂದ ಹೆಂಗಸರು ಮಗು ಯಾರ ಹಾಗಿದೆ ಎಂದು ಕೇಳುವುದಕ್ಕೂ ಮುಂಚೆ ಹೊಲಿಗೆ ಎಷ್ಟು ಬಿದ್ದವು ಎಂದು ಕೇಳುತ್ತಿದ್ದರು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕೇಳಿದ ಹಾಗೆ. ಅವಳಿಗೆ ನೋವಿಗಿಂತ ಹೆಚ್ಚು ಉರಿದದ್ದು ಯಾರೂ ಒಂದು ಮಾತು ಹೇಳದೆ ಹಾಕಿದರಲ್ಲ ಎಂಬುದು. ನನ್ನ ಕಥೆ ಹಾಗಾಗಬಾರದು ಎಂದು ಹಟ ಹಿಡಿದೆ. ನನ್ನನ್ನು ಕೇಳದೆ ನನಗೆ ಕತ್ತರಿ ಬೀಳಕೂಡದು.

ಬುದ್ಧಿ ಇದ್ದವಳು ನೇರವಾಗಿ ಡಾಕ್ಟರನ್ನೇ ಕೇಳುತ್ತಿದ್ದಳು. ನಾನು ಜಾಸ್ತಿ ಬುದ್ಧಿವಂತೆ, ಆರ್ಡರ್ ಪುಸ್ತಕ ತೆಗೆದೆ.

ಲೆಕ್ಕ ಸರಳವಾಗಿತ್ತು. ಹೊಕ್ಕುಳ ಬಳ್ಳಿಗೆ ಹಾಕುವ ಪ್ಲಾಸ್ಟಿಕ್ ಕ್ಲಿಪ್ಪನ್ನೂ ನಾನೇ ಕೊಡುತ್ತೇನೆ, ಮಗುವಿಗೊಂದು. ಅಂದರೆ ಕ್ಲಿಪ್ಪು ಎಷ್ಟೋ ಮಕ್ಕಳು ಅಷ್ಟು, ದಾರ ಎಷ್ಟೋ ಹೊಲಿಗೆ ಹಾಕಿಸಿಕೊಂಡ ತಾಯಂದಿರು ಅಷ್ಟು. ನಮ್ಮ ಮನೆ ಹತ್ತಿರದ ದೊಡ್ಡ ನರ್ಸಿಂಗ್ ಹೋಮಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಅಲ್ಲಿನ ಹಿರಿಯ ನರ್ಸು ಡಬ್ಬಿ ಎಣಿಸಿಕೊಳ್ಳುತ್ತಲೇ, ಚೊಚ್ಚಲಾದರೆ ಎಲ್ಲರಿಗೂ ಹಾಕುತ್ತೇವೆ, ಅದೇನು ದೊಡ್ಡ ವಿಷಯವಲ್ಲ ಎಂದಿದ್ದಳು. ಇನ್ನೊಂದು ಆನೇಕಲ್ ರಸ್ತೆಯ ಒಳಗೆ ವಯಸ್ಸಾದ ಲೇಡಿ ಡಾಕ್ಟರು ನಡೆಸುವ ಪುಟ್ಟದು. ಅವರು ಮೂರು ತಿಂಗಳಿಗೆ ನಲವತ್ತು ಕ್ಲಿಪ್ಪು ತರಿಸಿಕೊಂಡರೆ ದಾರ ಒಂದೇ ಡಬ್ಬಿ. ನಲವತ್ತಕ್ಕೆ ಹನ್ನೆರಡು! ಇಂಥ ಕೈ ಇಡೀ ತಾಲೂಕಿನಲ್ಲಿ ಇಲ್ಲ ಎಂದು ಅಲ್ಲೇ ಹೆಸರು ಬರೆಸಿದೆ.

ಅಷ್ಟಕ್ಕೇ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ನಮ್ಮ ಕಟ್ಟಡದ ಮೇಲಿನ ಮಹಡಿಯ ಒಂದು ರೂಮಿನಲ್ಲಿ ರಾಯಚೂರು ಕಡೆಯ ಹುಡುಗಿಯಿದ್ದಳು. ಗಂಡ ಸೆಂಟ್ರಿಂಗ್ ಕೆಲಸ, ಅವಳು ಬೊಮ್ಮಸಂದ್ರದ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುವವಳು. ಅವಳಿಗೂ ಚೊಚ್ಚಲು, ದಿನ ನನಗಿಂತ ಎರಡು ವಾರ ತಡ. ಫ್ಯಾಕ್ಟರಿಯ ಇಎಸ್‌ಐ ಕಾರ್ಡಿನಲ್ಲಿ ದುಡ್ಡಿಲ್ಲದೆ ಆಗುತ್ತಿದ್ದ ಹೆರಿಗೆಯನ್ನು ಬಿಡಿಸಿ, ನನ್ನ ಮಾತು ಕೇಳು ಎಂದು ಅವಳನ್ನೂ ಇದೇ ಡಾಕ್ಟರ ಹತ್ತಿರ ಸೇರಿಸಿದೆ. ನಲವತ್ತಕ್ಕೆ ಹನ್ನೆರಡರ ಲೆಕ್ಕ ಹೇಳಿದೆ. ಅವಳು ನನ್ನನ್ನು ದೇವರಂತೆ ನೋಡಿದಳು. ಯಾರಾದರೂ ಹಾಗೆ ನೋಡಿದರೆ ಎಚ್ಚರವಾಗಬೇಕು; ನಾನು ಕಾಫಿ ಮಾಡಿಕೊಟ್ಟೆ.

ಏಳನೇ ತಿಂಗಳಲ್ಲಿ ಕ್ಲಿಪ್ಪು ಕೊಡಲು ಹೋದಾಗ ಅಲ್ಲಿನ ಸಿಸ್ಟರಿಗೆ ಪುರುಸೊತ್ತಿರಲಿಲ್ಲ. ನೀವೇ ಕಪಾಟಿನಲ್ಲಿ ಇಟ್ಟುಬಿಡಿ ಅಕ್ಕ ಎಂದಳು. ಗ್ಲೌಸಿನ ಡಬ್ಬಿ ಸರಿಸಿದರೆ ಹಿಂದೆ ದಾರದ ಡಬ್ಬಿಗಳು ಎದೆಯುದ್ದ ನಿಂತಿವೆ. ಒಂದೂ ನನ್ನದಲ್ಲ. ಹೊಸೂರಿನಿಂದ ಒಬ್ಬ ಬಂದು ಕಮ್ಮಿ ರೇಟಿಗೆ ಹಾಕಿ ಹೋಗುತ್ತಿದ್ದನಂತೆ. ಅವನು ಬರುವುದು ತಡವಾದಾಗ ಮಾತ್ರ ನನ್ನ ಹತ್ತಿರ ಒಂದು ಡಬ್ಬಿ. ನಿಜ ಹೇಳುತ್ತೇನೆ, ಮೊದಲು ಸಿಟ್ಟು ಬಂದದ್ದು ವ್ಯಾಪಾರಿಗೆ. ಬಸುರಿಗೆ ಭಯವಾದದ್ದು ಆಮೇಲೆ, ಸ್ಕೂಟರ್ ಸ್ಟಾರ್ಟ್ ಮಾಡುವಾಗ. ನನ್ನ ಲೆಕ್ಕ ಬಿದ್ದುಹೋಗಿತ್ತು, ಜೊತೆಗೆ ಮಹಡಿಯವಳನ್ನೂ ಎಳೆದುಕೊಂಡು.

ಇನ್ನು ಕೇಳದೆ ದಾರಿಯಿರಲಿಲ್ಲ. ಮುಂದಿನ ಚೆಕಪ್ಪಿಗೆ ಹೋದಾಗ ಐದು ನಿಮಿಷ ಸೊಂಟನೋವಿನ ಬಗ್ಗೆ ಮಾತಾಡಿದೆ, ಐದು ನಿಮಿಷ ಕಬ್ಬಿಣದ ಮಾತ್ರೆಯ ಬಗ್ಗೆ. ಬಾಗಿಲವರೆಗೆ ಹೋಗಿ ವಾಪಸ್ ಬಂದು, ಗೋಡೆಯ ಕ್ಯಾಲೆಂಡರ್ ನೋಡುತ್ತಾ, ಕತ್ತರಿ ಹಾಕುತ್ತೀರಾ ಎಂದು ಕೇಳಿದೆ. ಡಾಕ್ಟರು ಕನ್ನಡಕ ತೆಗೆದರು.

“ಇದನ್ನ ಕೇಳೋಕೆ ಏಳು ತಿಂಗಳು ಬೇಕಾಯ್ತಾ ನಿಂಗೆ? ಗ್ಲೌಸಲ್ಲಿ ನಾಲ್ಕಾಣೆ ಬಿಡಲ್ಲ, ಅಷ್ಟು ಬಾಯಿ ಮಾಡ್ತೀಯಾ.”

ನನ್ನ ಕ್ಲಿಪ್ಪು-ದಾರದ ಸಂಶೋಧನೆಯನ್ನು ಒಪ್ಪಿಸಿದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

“ಹರಿದ್ರೂ ಹೊಲಿಯೋದು ಅದೇ ದಾರದಲ್ಲೇ ಕಣಮ್ಮ. ದಾರ ನೋಡಿ ಕತ್ತರೀನ ಹೆಂಗೆ ಕಂಡುಹಿಡಿದೆ?”

ಅಷ್ಟು ವರ್ಷ ಆ ದಾರ ಮಾರಿದವಳಿಗೆ ಇಷ್ಟು ಹೊಳೆದಿರಲಿಲ್ಲ. ಹೊಸೂರಿನವನು ಇಲ್ಲದಿದ್ದರೂ ನನ್ನ ಲೆಕ್ಕಕ್ಕೆ ಬುಡವೇ ಇರಲಿಲ್ಲ.

ಆಮೇಲೆ ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ಮೊದಲೆಲ್ಲ ತಾನೂ ಚೊಚ್ಚಲಿನವರಿಗೆಲ್ಲ ಹಾಕುತ್ತಿದ್ದೆ, ಹಾಗೇ ಕಲಿಸಿದ್ದರು, ಈಗ ಬೇಕಾದವರಿಗೆ ಮಾತ್ರ ಎಂದರು. ತಾನಾಗಿ ಹರಿಯುವುದು ಬಹಳ ಸಲ ಸಣ್ಣದು, ಬೇಗ ಕೂಡುತ್ತದೆ. ಕತ್ತರಿ ಮಾತ್ರ ಮೊದಲ ಏಟಿಗೇ ಮಾಂಸಖಂಡದವರೆಗೆ ಹೋಗುತ್ತದೆ. ಆದರೆ ಮಗು ಸೋತರೆ, ಇಕ್ಕಳ ಹಾಕಿ ಎಳೆಯಬೇಕಾದರೆ, ಹಿಂದಕ್ಕೆ ಗುದದವರೆಗೆ ಹರಿದೀತು ಅನ್ನಿಸಿದರೆ ಕತ್ತರಿಯೇ ವಾಸಿ. ಯಾವುದೆಂದು ಗೊತ್ತಾಗುವುದು ಕೊನೇ ಹತ್ತು ನಿಮಿಷದಲ್ಲಿ. ನಾನು ಚೌಕಾಸಿಗೆ ಇಳಿದೆ: ಕತ್ತರಿ ಹಾಕುವುದಿಲ್ಲ ಎಂದು ಮಾತು ಕೊಡಿ. ಕೊಡಲ್ಲ ಎಂದರು. ಅರ್ಧಕ್ಕೆ ಇಳಿದೆ: ಕೇಳದೆ ಹಾಕಬೇಡಿ. ಅದಕ್ಕೆ ಒಪ್ಪಿದರು, ಒಂದು ಶರತ್ತಿನ ಮೇಲೆ. ಮುಕ್ಕಬೇಡ ಅಂದಾಗ ನಾನು ಮುಕ್ಕಬಾರದು, ಬಾಯಿ ತೆರೆದು ಉಸಿರು ಬಿಡಬೇಕು, ತಲೆ ನಿಧಾನವಾಗಿ ಬರಲು ಬಿಡಬೇಕು. ಅಷ್ಟೇ ತಾನೇ ಎಂದೆ. ಶರತ್ತನ್ನು ಸರಿಯಾಗಿ ಓದದೆ ಸಹಿ ಹಾಕುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು.

ಬಾಣಂತನಕ್ಕೆಂದು ಅವ್ವ ರಾಣೇಬೆನ್ನೂರಿನಿಂದ ಬಂದಳು. ನಾಲ್ಕು ಹೆತ್ತವಳು, ನಾಲ್ಕೂ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ನನ್ನ ಚಿಂತೆ ಕೇಳಿ ಅವಳಿಗೆ ತಮಾಷೆಯೆನಿಸಿತು. ತನಗೂ ಹರಿದಿತ್ತು, ತಾನಾಗಿಯೇ ಕೂಡಿತ್ತು, ಯಾರು ನೋಡಲು ಹೋಗಿದ್ದರು ಎಂದಳು. ನಾನು ಇದೇ ಸರಿ, ಪ್ರಕೃತಿಗೆ ಬಿಟ್ಟರೆ ಎಲ್ಲ ನೆಟ್ಟಗೆ ಎಂದು ಹಿಗ್ಗುತ್ತಿರುವಾಗ ಅವಳು ಸೊಪ್ಪು ಬಿಡಿಸುತ್ತಾ, ತಲೆಯೆತ್ತದೆ ಹೇಳಿದಳು.

“ಕೂಡೇತಿ ಖರೆ. ಆದ್ರ ಇವತ್ತಿಗೂ ಜೋರ್ ಕೆಮ್ಮಿದ್ರ ಸೀರಿ ಒದ್ದಿ ಆಕ್ಕೈತಿ. ಯಾರ್ ಮುಂದ ಹೇಳ್ಲಿ?”

ಮೂವತ್ತು ವರ್ಷದ ಮಾತು. ಅವಳು ಮದುವೆ ಮನೆಗಳಲ್ಲಿ ಯಾವಾಗಲೂ ಬಾಗಿಲ ಪಕ್ಕ ಕೂರುತ್ತಿದ್ದದ್ದು ಯಾಕೆಂದು ಆವತ್ತು ತಿಳಿಯಿತು. ಹರಿದದ್ದು ತಾನಾಗಿ ಕೂಡುತ್ತದೆ ಎನ್ನುವವರಿಗೆ ನನ್ನ ಸಲಹೆ: ಹೇಗೆ ಕೂಡಿದೆ ಎಂದು ಆ ಹೆಂಗಸನ್ನು ಒಮ್ಮೆ ಒಬ್ಬಳೇ ಇರುವಾಗ ಕೇಳಿ.

ಒಂದು ಬುಧವಾರ ಬೆಳಿಗ್ಗೆ ನೋವು ಶುರುವಾಯಿತು. ಫ್ಯಾಕ್ಟರಿ ಬಸ್ಸುಗಳ ನಡುವೆ ಆಟೋದಲ್ಲಿ ಕುಲುಕಿಕೊಂಡು ಆಸ್ಪತ್ರೆ ಸೇರಿದೆವು. ಜೊತೆಗೆ ಬಂದಿದ್ದ ನನ್ನ ಗಂಡ ಹೊರಗೆ ನಿಂತ, ಒಳಗೆ ಬಾ ಎಂದರೆ ಗಾಡಿ ಪಾರ್ಕಿಂಗ್ ನೋಡುತ್ತೇನೆ ಎಂದ. ನಾವು ಬಂದದ್ದು ಆಟೋದಲ್ಲಿ. ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಟೇಬಲ್ಲಿಗೆ ಹತ್ತಿಸಿದರು. ಪಕ್ಕದ ಟ್ರೇಯಲ್ಲಿ ಮೂತಿ ಬಾಗಿದ ಆ ಕತ್ತರಿ. ನಾನೇ ಮಾರಿದ್ದು, ಹರಿತಕ್ಕೆ ನಾನೇ ಗ್ಯಾರಂಟಿ ಕೊಟ್ಟಿದ್ದೆ.

ತಲೆ ಕಾಣುತ್ತಿತ್ತಂತೆ, ಬರುತ್ತಿರಲಿಲ್ಲ. ಮುಕ್ಕಮ್ಮ ಎಂದಾಗ ಮುಕ್ಕಿದೆ, ಮತ್ತೆ ಮುಕ್ಕಿದೆ. ಸಿಸ್ಟರು ಬಿಸಿನೀರಿನ ಬಟ್ಟೆ ಒತ್ತಿ ಹಿಡಿದಿದ್ದಳು. ಮಗುವಿನ ಎದೆಬಡಿತ ಕೇಳುವ ಯಂತ್ರವನ್ನು ಡಾಕ್ಟರು ಹೊಟ್ಟೆಗೆ ಒತ್ತಿ ಹಿಡಿದರು. ಆಮೇಲೆ ನನ್ನ ಮುಖದ ಹತ್ತಿರ ಬಂದರು.

“ಕೇಳ್ತಾ ಇದೀನಿ ನೋಡು. ಮಗೂಗೆ ಸುಸ್ತಾಗ್ತಿದೆ. ಹಾಕ್ಲಾ?”

ಇದಕ್ಕಾಗಿ ಒಂಬತ್ತು ತಿಂಗಳು ಹೋರಾಡಿದವಳ ಬಾಯಿಂದ ಹೊರಟದ್ದು ಏನು?

“ಇನ್ನೆರಡು ನೋವು ನೋಡಿ ಮೇಡಂ.”

“ಒಂದು.”

“ಒಂದೂವರೆ” ಎಂದೆನಂತೆ. ನನಗೆ ನೆನಪಿಲ್ಲ, ಸಿಸ್ಟರು ಇವತ್ತಿಗೂ ಎಲ್ಲರಿಗೂ ಹೇಳಿಕೊಂಡು ನಗುತ್ತಾಳೆ. ಡಾಕ್ಟರು ಒಂದು ಎಂದರೆ ಒಂದೇ ಎಂದು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕತ್ತರಿ ಕೈಗೆ ತೆಗೆದುಕೊಂಡು ನಿಂತರು. ನೋವು ಬಂತು. ಮುಕ್ಕಿದೆ. ತಲೆ ಬಂತು ಬಂತು ಎಂದರು, ಈಗ ಮುಕ್ಕಬೇಡ, ಉಸಿರು ಬಿಡು ಎಂದರು. ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಇರುವುದೊಂದೇ ನೋವು, ಗಡುವಿನೊಳಗೆ ಸರಕು ಇಳಿಸಿಬಿಡಬೇಕು. ಕಣ್ಣು ಮುಚ್ಚಿ ಇದ್ದ ಶಕ್ತಿಯೆಲ್ಲ ಹಾಕಿ ಮುಕ್ಕಿಬಿಟ್ಟೆ. ಮಗಳು ಲಾರಿಯಿಂದ ಜಾರಿದ ಮೂಟೆಯ ಹಾಗೆ ಬಂದಳು, ಅತ್ತಳು. ನಾನು ಹರಿದಿದ್ದೆ.

ಹೊಲಿಯಲು ಮುಕ್ಕಾಲು ಗಂಟೆ ಹಿಡಿಯಿತು. ಕತ್ತರಿಯ ಗಾಯಕ್ಕೆ ಅಂಚು ನೇರ ಇರುತ್ತದೆ, ಇದಕ್ಕೆ ಅಂಚು ಹುಡುಕಿ ಹುಡುಕಿ ಹೊಲಿಯಬೇಕು ಎಂದು ಡಾಕ್ಟರು ಗೊಣಗಿದರು. ಹಿಂದಿನವರೆಗೆ ಹೋಗಿಲ್ಲ, ಪುಣ್ಯ ಎಂದರು. ಆಮೇಲೆ, ಉಸಿರು ಬಿಡು ಅಂದಾಗ ಬಿಟ್ಟಿದ್ದರೆ ಇದರ ಅರ್ಧವೂ ಆಗುತ್ತಿರಲಿಲ್ಲವೇನೋ ಎಂದರು. ಕತ್ತರಿಯಿಂದ ತಪ್ಪಿಸಿಕೊಂಡೆ, ನನ್ನ ಅವಸರದಿಂದ ತಪ್ಪಿಸಿಕೊಳ್ಳಲಿಲ್ಲ.

ಹಾಗಾದರೆ ಯಾವುದು ವಾಸಿ ಎಂದು ಕೇಳುತ್ತೀರಿ. ನಾನು ಮೂರನೇ ವಾರಕ್ಕೆ ನೆಟ್ಟಗೆ ಕೂತೆ, ಅಕ್ಕನಿಗೆ ಎರಡು ತಿಂಗಳು ಬೇಕಾಯಿತು. ಇದನ್ನು ಹಿಡಿದು ಹರಿಯುವುದೇ ವಾಸಿ ಎಂದು ಬೋರ್ಡು ಬರೆಸಬಹುದಿತ್ತು. ಆದರೆ ಅವ್ವ ಒಳಗೆ ಸಾಂಬ್ರಾಣಿ ಹಾಕುತ್ತಾ ಕೆಮ್ಮುತ್ತಿದ್ದಳು. ಎರಡು ಮಾಲನ್ನು ತಕ್ಕಡಿಗೆ ಹಾಕಬೇಕಾದರೆ ಎರಡೂ ನಿಮ್ಮ ಕೈಯಲ್ಲಿರಬೇಕು. ಇಲ್ಲಿ ಯಾವುದು ಸಿಗುತ್ತದೆಂಬುದೇ ಕೊನೆಗೆ ಗೊತ್ತಾಗುವುದು. ನಿಮ್ಮ ಕೈಯಲ್ಲಿರುವುದು ಕೇಳುವುದೊಂದೇ. ಅದನ್ನು ಐದನೇ ತಿಂಗಳಲ್ಲೇ, ಮೈಮೇಲೆ ಸೀರೆ ಇರುವಾಗಲೇ, ಡಾಕ್ಟರ ಕಣ್ಣು ನೋಡಿ ಕೇಳಿ. ಟೇಬಲ್ಲಿನ ಮೇಲೆ ಕಾಲು ಕಟ್ಟಿಸಿಕೊಂಡು ಮಲಗಿದವಳಿಗೆ ಚೌಕಾಸಿಯಲ್ಲಿ ಬಲ ಕಮ್ಮಿ.

ಮಹಡಿಯ ಹುಡುಗಿಗೆ ಹದಿನೈದು ದಿನಕ್ಕೆ ಹೆರಿಗೆಯಾಯಿತು, ಗಂಡು ಮಗು. ಅವಳಿಗೆ ಕತ್ತರಿ ಹಾಕಿದರು ಎಂದು ಅವಳ ಗಂಡ ಹೇಳಿದಾಗ ನನಗೆ ಊಟ ಸೇರಲಿಲ್ಲ. ಫ್ಯಾಕ್ಟರಿ ಕಾರ್ಡು ಬಿಡಿಸಿ ಕರೆದೊಯ್ದವಳು ನಾನು. ಅವಳು ಮನೆಗೆ ಬಂದ ದಿನ ಮಗಳನ್ನು ಅವ್ವನಿಗೆ ಕೊಟ್ಟು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದೆ. ಅವಳು ಗೋಡೆಗೆ ಓರೆಯಾಗಿ ಒರಗಿ ಕೂತಿದ್ದಳು, ನಾನು ಎದುರಿಗೆ ಚಾಪೆಯ ಮೇಲೆ ಹುಷಾರಾಗಿ ಕೂತೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ನಲವತ್ತಕ್ಕೆ ಹನ್ನೆರಡು ಸುಳ್ಳು, ನನ್ನ ಮಾತು ಕೇಳಿ ನೀನು ಕೆಟ್ಟೆ ಎಂದು, ಏಳನೇ ತಿಂಗಳಿಂದ ಮುಚ್ಚಿಟ್ಟಿದ್ದನ್ನು ಒಂದೇ ಉಸಿರಿಗೆ ಹೇಳಿದೆ.

ಅವಳು ಮಗುವಿನ ಕುಲಾವಿ ಸರಿ ಮಾಡುತ್ತಾ ಕೇಳಿಸಿಕೊಂಡಳು.

“ಕೇಳಿದ್ರಕ್ಕ ಡಾಕ್ಟ್ರು. ಕೊಯ್ಲೇನವಾ ಅಂದ್ರು. ನಂಗೂ ಸಾಕಾಗಿತ್ತು, ಕೊಯ್ರಿ ಅಂದೆ.”

ಕುಲಾವಿಯ ದಾರ ಕಟ್ಟಿ, ಏನೋ ನೆನಪಾದವಳಂತೆ ಮತ್ತೆ ಹೇಳಿದಳು.

“ನನ್ ಮದ್ವಿಗೂ ಯಾರೂ ಕೇಳಿದ್ದಿಲ್ಲ ನೋಡ್ರಿ.”

ಅವಳ ಗಂಡ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದ. ಮೊರವನ್ನು ಹಾಗೇ ಹಿಡಿದುಕೊಂಡು ಎದ್ದು ಹೊರಗೆ ಹೋದ. ನಮಗೆ ನಗು ತಡೆಯಲಾಗಲಿಲ್ಲ. ನಗಬೇಡ್ವೇ, ಹೊಲಿಗೆ ಎಳೆಯುತ್ತೆ ಎಂದು ನಾನು ಹೇಳುವಷ್ಟರಲ್ಲಿ ನನ್ನದೇ ಎಳೆಯತೊಡಗಿತ್ತು.