ನೀಲವ್ವನ ಉಲ್ಟಾ ಹೆಸರು

ಸೋಲಾಪುರಕ್ಕೆ ಬಂದಿಳಿದ ದಿನ ಮನೆಯೊಡತಿ ಬಾಗಿಲಲ್ಲೇ ನಿಂತು, "ಬಾಯಿ, ಒಳಗ ಬರ್ರಿ" ಎಂದರು. ಬಸ್ಸಿನಲ್ಲಿ ತಿಂದ ಚುರುಮುರಿ ಮೆತ್ತಿಕೊಂಡಿರಬೇಕೆಂದು ನಾನು ಅವಸರದಲ್ಲಿ ಬಾಯಿ ಒರೆಸಿಕೊಂಡೆ. ಇಲ್ಲಿ ಪಾಠ ಹೇಳುವ ಹೆಂಗಸಿಗೆ 'ಬಾಯಿ' ಎನ್ನುತ್ತಾರಂತೆ. ಚಿತ್ರಕಲೆ ಕಲಿಸಲು ಮೈಸೂರಿನಿಂದ ಬಂದ ನನಗೆ ಅಂದಿನಿಂದ ಅದೇ ಹೆಸರು.

ಮೈಸೂರಿನಲ್ಲಿ ಕನ್ನಡ ಗೋಡೆಯ ಮೇಲೂ ಇರುತ್ತದೆ, ನಾಲಗೆಯ ಮೇಲೂ ಇರುತ್ತದೆ. ಇಲ್ಲಿ ಅಂಗಡಿಯ ಬೋರ್ಡು ಮರಾಠಿ, ಒಳಗೆ ಜಗಳ ಹತ್ತಿದರೆ ಕನ್ನಡ. ಕಡಕ್ ಭಾಕರಿ, ಅಂದರೆ ಹಪ್ಪಳದಂತೆ ಮುರಿಯುವ ಜೋಳದ ರೊಟ್ಟಿ, ನನಗೆ ಮೊದಲು ಗಂಟಲಲ್ಲಿ ಇಳಿಯಲಿಲ್ಲ. ಅನ್ನ ಸಾರು ನೆನೆದು ಅತ್ತದ್ದೂ ಉಂಟು. ಆಗ ಶೇಂಗಾ ಚಟ್ನಿ ಹಿಡಿದು ಪಕ್ಕ ಕೂತವರು ಮನೆಯೊಡತಿ ನೀಲವ್ವ. ಅಕ್ಕಲಕೋಟೆ ತಾಲೂಕಿನ ಹನ್ನೂರಿನ ಒಕ್ಕಲು ಮನೆತನದಲ್ಲಿ ಹುಟ್ಟಿ, ಇಲ್ಲಿನ ಚಾದರ ವ್ಯಾಪಾರಿಯ ಮನೆ ಸೇರಿದವರು.

ಅವರದೊಂದು ಅಚ್ಚುಚಿತ್ರ ಮಾಡತೊಡಗಿದೆ. ಮುಖವನ್ನು ಮರದ ಹಲಗೆಯಲ್ಲಿ ಕೆತ್ತಿದೆ. ಕೈಯ ಸುಕ್ಕುಗಳನ್ನು ತಾಮ್ರದ ತಗಡಿನಲ್ಲಿ ಕೊರೆದೆ. ಸೆರಗಿಗೆ ಅವರ ಅಂಗಡಿಯ ಚಾದರದ ತುಂಡಿಗೇ ಮಸಿ ಹಚ್ಚಿ ಒತ್ತಿದೆ. ನೇಯ್ಗೆಯ ಎಳೆಎಳೆಯೂ ಕಾಗದಕ್ಕಿಳಿಯಿತು.

"ಬಾಯಿ, ಕೆಳಗ ನನ್ನ ಹೆಸರು ಕನ್ನಡದಾಗ ಹಾಕ್ರಿ" ಎಂದರು ನೀಲವ್ವ. "ಮಾತಾಡೂದು ಕನ್ನಡ, ಸಾಲಿ ಕಲ್ತಿದ್ದು ಮರಾಠಿ. ನನ್ನ ಹೆಸರು ಕನ್ನಡದಾಗ ಹ್ಯಾಂಗ ಕಾಣತೈತಿ, ನಾ ಇನ್ನೂ ನೋಡಿಲ್ಲರಿ. ನಾಳೆ ಹನ್ನೂರಿಗೆ ಹೊಂಟೀನಿ. ತವರಿನಾಗ ತೂಗಹಾಕತೀನಿ."

ಅರವತ್ತು ವರ್ಷ ಕನ್ನಡದಲ್ಲೇ ನಕ್ಕು ಅತ್ತವರು ತಮ್ಮ ಹೆಸರನ್ನು ಆ ಲಿಪಿಯಲ್ಲಿ ಕಂಡಿಲ್ಲ! ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ, ಅಕ್ಷರವನ್ನು ತಿರುಗಿಸಿ ಕೆತ್ತಬೇಕು. ಮಕ್ಕಳಿಗೆ ನಾನು ಹೇಳಿಕೊಡುವ ಮೊದಲ ಪಾಠವೇ ಅದು. ಕಣ್ಣು ಮಂಜಾಗಿದ್ದ ನಾನು ಮುಖದ ಕೆಳಗೆ 'ನೀಲವ್ವ' ಎಂದು ನೇರವಾಗಿಯೇ ಕೆತ್ತಿಬಿಟ್ಟೆ.

ಹಲಗೆಗೆ ಮಸಿ ಹಚ್ಚಿ ಒತ್ತಿ, ಕಾಗದ ಎತ್ತಿದರೆ ಹೆಸರು ಉಲ್ಟಾ. ನೀಲವ್ವ ಕೈಮುಗಿದು ನಿಂತಿದ್ದರು. "ಅಯ್ಯ, ಎಷ್ಟ ಚಂದ ಐತಿ! ಕನ್ನಡ ಅಂದ್ರ ಹಿಂಗ ಇರತೈತೇನ್ರಿ?"

ಸುಮ್ಮನಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ನನ್ನಿಂದಾಗಲಿಲ್ಲ, ತಪ್ಪು ಒಪ್ಪಿಕೊಂಡೆ. ಅವರು ಬಿದ್ದುಬಿದ್ದು ನಕ್ಕರು.

"ಕಲ್ತ ಬಾಯಿನೂ ತಪ್ಪತಾರ ಅಂತಾತು! ಹಲಗ್ಯಾಗ ಸೀದಾ ಐತಲ್ಲ? ಅದನ್ನ ಕೊಡ್ರಿ."

ಮಸಿ ಒರೆಸಿ ಹಲಗೆ ಕೊಟ್ಟೆ. ಕೆತ್ತಿದ ಗೆರೆಯ ಮೇಲೆ ಅವರು ಬೆರಳಾಡಿಸಿದರು. ನಾನು ಒಂದೊಂದೇ ಅಕ್ಷರ ಹೇಳಿಕೊಟ್ಟೆ. ನೀ. ಲ. ವ್ವ. ಆಮೇಲೆ ಕಣ್ಣು ಮುಚ್ಚಿ, ತಾವೊಬ್ಬರೇ, ಬೆರಳಿನಿಂದಲೇ ಓದಿದರು. ಇಷ್ಟು ವರ್ಷ ಹಲಗೆ ಕೆತ್ತಿದ್ದೇನೆ, ಅಕ್ಷರ ಹೀಗೆ ಒಬ್ಬರ ಕೈಸೇರಿದ್ದನ್ನು ನೋಡಿರಲಿಲ್ಲ.

ಹಲಗೆ ಹನ್ನೂರಿಗೆ ಹೋಯಿತು. ಉಲ್ಟಾ ಹೆಸರಿನ ಚಿತ್ರ ನನ್ನ ಗೋಡೆಯಲ್ಲಿದೆ. ತವರಿನಿಂದ ಮರಳಿದ ನೀಲವ್ವ ಅದನ್ನು ನೋಡಿ, "ಈಗ ನಿಮ್ಮ ಮುಖ ಕೆತ್ತರಿ ಬಾಯಿ. ಹೆಸರು ಮರಾಠ್ಯಾಗ ಇರಲಿ. ನೀವೂ ನಮ್ಮ ಊರವರ ಆದ್ರಿ" ಎಂದರು.

ನಿನ್ನೆ ಹೊಸ ಹಲಗೆ ಹಿಡಿದು ಕೂತೆ. ಈ ಸಲ ತಪ್ಪಬಾರದೆಂದು ಮರಾಠಿ ಅಕ್ಷರಗಳನ್ನು ತಿರುಗಿಸಿಯೇ ಕೆತ್ತಿದೆ. ಅದು ಕನ್ನಡವಂತೂ ಅಲ್ಲ, ಮರಾಠಿಯಂತೆಯೂ ಕಾಣಲಿಲ್ಲ. ನೀಲವ್ವನಂತೆ ಕಣ್ಣು ಮುಚ್ಚಿ ಬೆರಳಾಡಿಸಿದೆ. ನನ್ನ ಹೆಸರನ್ನು ನನಗೇ ಓದಲಾಗಲಿಲ್ಲ.