ಕುಂಕುಮ ಬಿದ್ದ ಕಾಡತೂಸಿನ ಪೊಟ್ಟಣಗಳು

ನನ್ನ ತಂಗಿ ಕಾಡತೂಸಿನ ಪೊಟ್ಟಣ ಕಟ್ಟುತ್ತಿದ್ದಳು ಅಂದರೆ ಮೈಸೂರಿನಲ್ಲಿ ಈಗಲೂ ಯಾರೂ ನಂಬುವುದಿಲ್ಲ. ಅವಳ ಮನೆ ಇದ್ದ ಸೆಂಟರ್‌ವಿಲ್ ಅನ್ನುವ ಊರಿನ ಸುತ್ತ, ಬಹಳ ಹಿಂದೆ ಅಮೆರಿಕದವರು ತಮ್ಮತಮ್ಮಲ್ಲೇ ಕಾದಾಡಿದ ಬಯಲುಗಳಿವೆ. ತೊಂಬತ್ತರ ದಶಕದಲ್ಲಿ ನಾನು ಅವಳ ಜೊತೆಗಿದ್ದಾಗ, ಆ ಯುದ್ಧವನ್ನು ಅದೇ ಉಡುಪು ತೊಟ್ಟು ಮತ್ತೆ ಆಡಿ ತೋರಿಸುವ ತಂಡಕ್ಕೆ ಅವಳು ಸೇರಿದ್ದಳು. ಹಿಂದಿನ ಸಿಪಾಯಿಗಳ ಮದ್ದುಗುಂಡು ಕಾಗದದ ಕೊಳವೆಯಲ್ಲಿ ಬರುತ್ತಿತ್ತಂತೆ, ಅದೇ ಕಾಡತೂಸು. ಹತ್ತು ಕೊಳವೆಗೆ ಒಂದು ಪೊಟ್ಟಣ, ಮೇಲೊಂದು ಅಚ್ಚಿನ ಚೀಟಿ. ತಂಗಿ ಪ್ರಿಂಟಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮ್ಯೂಸಿಯಮ್ಮಿನಲ್ಲಿ ಕಂಡ ಚೀಟಿಯನ್ನು ಬರೆದುಕೊಂಡು ಬಂದು, ಅಂಗಡಿಯ ಮೂಲೆಯಲ್ಲಿದ್ದ ಕಾಲಲ್ಲಿ ತುಳಿಯುವ ಹಳೇ ಟ್ರೆಡಲ್ ಮೆಷಿನ್ನಿನಲ್ಲಿ, ಸವೆದ ಅಕ್ಷರ ಸವೆದಂತೆಯೇ ಬರುವ ಹಾಗೆ ಅಚ್ಚು ಹಾಕಿದಳು.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಊದುಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡಿ ಪಳಗಿದ ಕೈ ನನ್ನದು. ಕೊಳವೆ ಸುತ್ತುವುದನ್ನೂ ಪೊಟ್ಟಣ ಮಡಚುವುದನ್ನೂ ನನಗೆ ಬಿಟ್ಟಳು. ಬಯಲಿನಲ್ಲಿ ಹಾರಿಸುವವಕ್ಕೆ ತಂಡದವರೇ ಮದ್ದು ತುಂಬುತ್ತಿದ್ದರು. ಜನರಿಗೆ ತೋರಿಸಲು ಇಡುವವಕ್ಕೆ ನಾವು ರವೆ ತುಂಬುತ್ತಿದ್ದೆವು.

"ಅಕ್ಕಾ, ಉಪ್ಪಿಟ್ಟಿಗೆ ಸ್ವಲ್ಪ ಉಳಿಸಿದ್ಯಾ, ಇಲ್ಲ ಎಲ್ಲಾ ವಾರ್‌ಗೇ ಹೋಯ್ತಾ?" ಅನ್ನುತ್ತಿದ್ದಳು.

"ನಿನ್ನ ಸಿಪಾಯಿಗಳಿಗೆ ಹೇಳು, ಒಗ್ಗರಣೆ ಅವರೇ ಹಾಕ್ಕೊಳ್ಳಲಿ."

ತಂಡದ ಕ್ಯಾಪ್ಟನ್ ಬಿಳಿಗಡ್ಡದ ಕಟ್ಟುನಿಟ್ಟಿನ ಮನುಷ್ಯ. ಅವನು ಒಪ್ಪಿದರೆ ಇಡೀ ತಂಡ ಅವಳ ಪೊಟ್ಟಣವನ್ನೇ ಬಳಸುತ್ತಿತ್ತು. ಬೇಸಿಗೆಯೆಲ್ಲ ಅವಳು ಅದಕ್ಕೇ ದುಡಿದಿದ್ದಳು.

ಅವನಿಗೆ ತೋರಿಸಬೇಕಾದ ಹಿಂದಿನ ದಿನ ಆಯುಧಪೂಜೆ. ತಂಗಿ ಕೆಲಸಕ್ಕೆ ಹೋಗಿದ್ದಳು. ಕಾರಿಲ್ಲದ ಮನೆಯಲ್ಲಿ ಕತ್ತರಿಗೆ, ಹೊಲಿಗೆ ಮೆಷಿನ್ನಿಗೆ ಪೂಜೆ ಮಾಡಿದ ನನಗೆ ಪೊಟ್ಟಣಗಳನ್ನು ಬಿಡಲು ಮನಸ್ಸಾಗಲಿಲ್ಲ. ಆ ಮನೆಯಲ್ಲಿ ಆಯುಧ ಅನ್ನಬಹುದಾದದ್ದು ಅವೇ ತಾನೆ. ಒಳ್ಳೆಯದಾಗಲಿ ಅಂತ ಕುಂಕುಮಕ್ಕೆ ನೀರು ಹಾಕಿ ಕಲಸಿ ಪ್ರತಿ ಚೀಟಿಗೂ ಬೊಟ್ಟಿಟ್ಟೆ. ಮಂಗಳಾರತಿಯಾದ ಮೇಲೆ ಹಾಗೆಯೇ ಪೆಟ್ಟಿಗೆಗೆ ತುಂಬಿ ಮುಚ್ಚಿದೆ. ಆ ಒರಟು ಕಾಗದ ನೀರು ಹೀರುತ್ತದೆ ಅನ್ನುವುದು ಹೊಳೆಯಲೇ ಇಲ್ಲ.

ಮರುದಿನ ಬಯಲಿನಲ್ಲಿ, ಕ್ಯಾಪ್ಟನ್‌ನ ಡೇರೆಯ ಮುಂದೆ, ತಂಗಿ ಪೆಟ್ಟಿಗೆ ತೆರೆದಳು. ಕೆಂಪು ಹರಡಿ ಅಕ್ಷರಗಳನ್ನು ನುಂಗಿತ್ತು.

"ಯಾರಕ್ಕಾ ಇದು ಮಾಡಿದ್ದು?"

ಅವಳ ನಾಲ್ಕು ವರ್ಷದ ಮಗಳು ನನ್ನ ಸೆರಗು ಹಿಡಿದು ನಿಂತಿದ್ದಳು.

"ಮಗು ಇರ್ಬೇಕು," ಅಂದೆ. "ಅಲ್ಲೇ ಆಟ ಆಡ್ತಿತ್ತು."

"ನೋ," ಅಂದಿತು ಮಗು. ನಾನು ಕೇಳಿಸದವಳಂತೆ ನಿಂತೆ.

ಕ್ಯಾಪ್ಟನ್ ಒಂದು ಪೊಟ್ಟಣ ಎತ್ತಿ ತಿರುಗಿಸಿ ನೋಡಿ ಏನೋ ಕೇಳಿದ. ತಂಗಿ ತಲೆ ತಗ್ಗಿಸಲಿಲ್ಲ. ನಮ್ಮಲ್ಲಿ ವರ್ಷಕ್ಕೊಮ್ಮೆ ಆಯುಧಗಳಿಗೆ ಪೂಜೆ ಮಾಡುತ್ತೇವೆ, ಇದು ಅದರ ಬೊಟ್ಟು, ತಪ್ಪು ತನ್ನದು ಅಂತ ಇಂಗ್ಲಿಷಿನಲ್ಲಿ ಹೇಳಿದಳು. ಅಷ್ಟು ಇಂಗ್ಲಿಷ್ ನನಗೂ ತಿಳಿಯುತ್ತಿತ್ತು. ಅವನು ನಗಲಿಲ್ಲ. ಕೆಲಸ ಚೆನ್ನಾಗಿದೆ, ಆದರೆ ಇವು ನಡೆಯುವುದಿಲ್ಲ, ಹೊಸದು ಮಾಡಿ ತಾ ಅಂದ.

ಚಳಿಗಾಲವೆಲ್ಲ ಅವಳು ಮತ್ತೆ ಅಚ್ಚು ಹಾಕಿದಳು. ಕೊಳವೆ ಸುತ್ತುವುದನ್ನು ಮೊದಲಿನಂತೆ ನನಗೇ ಬಿಟ್ಟಳು. ವಸಂತದಲ್ಲಿ ಕ್ಯಾಪ್ಟನ್ ಒಪ್ಪಿದ. ಸಾಲಾಗಿ ನಿಂತ ಗಂಡಸರೆಲ್ಲ ಸೊಂಟದ ಚರ್ಮದ ಚೀಲದಿಂದ ನನ್ನ ತಂಗಿಯ ಪೊಟ್ಟಣ ತೆಗೆದು ಬಿಚ್ಚುವುದನ್ನು ನೋಡುವವರಿಗೆ ಕಟ್ಟಿದ್ದ ಹಗ್ಗದಾಚೆ ನಿಂತು ನೋಡಿದೆ. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೆ "ಮೈ ಸಿಸ್ಟರ್" ಅಂದೆ. ಅವಳಿಗೆ ತಿಳಿಯಲಿಲ್ಲ. ಪೊಟ್ಟಣದ ಕಡೆ ಬೆರಳು ತೋರಿಸಿ ಇನ್ನೊಮ್ಮೆ ಅಂದೆ.

ಮುಂದಿನ ಆಯುಧಪೂಜೆಗೆ ತಂಗಿ ಒಂದೇ ಒಂದು ಪೊಟ್ಟಣ ತಂದು ನನ್ನ ಮುಂದಿಟ್ಟಳು.

"ಇದು ನಿನ್ನದು ಅಕ್ಕ. ಇದಕ್ಕೆ ಎಷ್ಟು ಬೇಕಾದ್ರೂ ಇಡು. ಮಿಕ್ಕಿದ್ದು ಮುಟ್ಬೇಡ ಮಾರಾಯ್ತಿ."

ಅವಳಿಗೆ ಮೊದಲಿಂದಲೂ ಗೊತ್ತಿತ್ತು. ನಾನು ಮಗುವನ್ನು ಹತ್ತಿರ ಕರೆದೆ.

"ಅವತ್ತು ಬೊಟ್ಟಿಟ್ಟಿದ್ದು ನಾನು ಕಂದ. ನೀನಲ್ಲ."

"ಐ ಸೆಡ್ ನೋ, ದೊಡ್ಡಮ್ಮ," ಅಂದಿತು.

ಕುಂಕುಮದ ಬಟ್ಟಲನ್ನು ಅದರ ಕೈಗೇ ಕೊಟ್ಟೆ. ಈ ಸಲ ನೀರು ಹಾಕಿರಲಿಲ್ಲ.